ಚಾಣದ ಅವಸರ, ಶಾರ್ಕಿನ ಪುರುಸೊತ್ತು

ಗ್ರೀನ್‌ಲ್ಯಾಂಡಿನಲ್ಲಿ ಫ್ಯೋರ್ಡ್ ಅನ್ನುವ ಜಾಗಗಳಿವೆ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ನೆಲದೊಳಕ್ಕೆ ಮೈಲಿಗಟ್ಟಲೆ ನುಗ್ಗಿದ ಸಮುದ್ರ. ಬೇಸಿಗೆಯ ಕೆಲವೇ ತಿಂಗಳು ಅಂಥ ಬಂಡೆಗಳ ಮೇಲೆ ಪೆರಿಗ್ರಿನ್ ಚಾಣ ಬಂದು ಮೊಟ್ಟೆ ಇಡುತ್ತದೆ. ಕೆಳಗೆ ಕತ್ತಲೆ ನೀರಿನಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕ್ ಓಡಾಡಿಕೊಂಡಿರುತ್ತದೆ. ಓಡಾಡುತ್ತದೆ ಅನ್ನೋದು ಸ್ವಲ್ಪ ಜಾಸ್ತಿಯೇ ಆಯ್ತು. ತೆವಳುತ್ತದೆ ಅನ್ನೋಣ.

ಒಂದು ಇಡೀ ಜಗತ್ತಿನಲ್ಲೇ ಅತಿ ವೇಗದ ಪ್ರಾಣಿ. ಇನ್ನೊಂದು, ಅದರ ಗಾತ್ರಕ್ಕೆ ಲೆಕ್ಕ ಹಾಕಿದರೆ, ಮೀನುಗಳಲ್ಲೇ ಅತಿ ನಿಧಾನದ್ದು. ಎರಡೂ ಬೇಟೆಗಾರರು. ಎರಡೂ ತಮ್ಮ ತಮ್ಮ ಕಡೆ ಯಾರಿಗೂ ಹೆದರಿ ಬದುಕಬೇಕಾಗಿಲ್ಲ. ಈ ಎರಡು ಹೆಸರು ನನ್ನ ತಲೆಯಲ್ಲಿ ಒಟ್ಟಿಗೆ ಕೂತು ಬಹಳ ದಿನ ಆಯ್ತು. ಯೂಟ್ಯೂಬಿನಲ್ಲಿ "ಯಾರು ಗೆಲ್ತಾರೆ" ಅನ್ನೋ ವಿಡಿಯೋಗಳು ಬರುತ್ತವಲ್ಲ, ಹುಲಿಗೂ ಸಿಂಹಕ್ಕೂ, ಹದ್ದಿಗೂ ಶಾರ್ಕಿಗೂ ಜಗಳ ಹಚ್ಚೋವು, ಅವುಗಳಿಂದ ಅಲ್ಲ. ಅವು ನನಗೆ ಹಿಡಿಸೋದಿಲ್ಲ. ಆಕಾಶದ್ದನ್ನೂ ನೀರಿನದ್ದನ್ನೂ ಕುಸ್ತಿಗೆ ಇಳಿಸಿ ಏನು ತಿಳಿಯಬೇಕು ಹೇಳಿ. ನನ್ನ ಕುತೂಹಲ ಬೇರೆ. ನಾವು ಮನುಷ್ಯರು ಒಂದೇ ಕಾಲದಲ್ಲಿ ಈ ಎರಡೂ ಪ್ರಾಣಿಗಳ ಮೈಯೊಳಗೆ ಕೈಹಾಕಿದ್ದೇವೆ. ಒಂದು ಅದನ್ನು ತಡೆದುಕೊಂಡು ಎದ್ದು ನಿಂತಿತು. ಇನ್ನೊಂದಕ್ಕೆ ಏನಾಯಿತು ಅಂತ ನೋಡೋಕೆ ನಮ್ಮ ಆಯಸ್ಸು ಸಾಲದು.

ಮೊದಲು ವೇಗದ ಮಾತು ಮುಗಿಸಿಬಿಡೋಣ. ಅದಿಲ್ಲದೆ ಚಾಣದ ಬಗ್ಗೆ ಯಾರೂ ಬರೆಯೋದಿಲ್ಲ, ಓದೋದೂ ಇಲ್ಲ.

ಪೆರಿಗ್ರಿನ್ ಸುಮ್ನೆ ಹಾರುವಾಗ ಅಂಥ ಶೂರನೇನಲ್ಲ. ಹೈವೇ ಮೇಲೆ ಹೋಗುವ ಕಾರಿನಷ್ಟು ವೇಗ, ಅಷ್ಟೆ. ಅದರ ಆಟ ಇರೋದು ಮೇಲಿಂದ ಕೆಳಗೆ ಬೀಳೋದರಲ್ಲಿ. ಎತ್ತರಕ್ಕೆ ಏರುತ್ತದೆ, ಕೆಳಗೆ ಹಾರುವ ಹಕ್ಕಿಯೊಂದನ್ನು ಗೊತ್ತು ಮಾಡಿಕೊಳ್ಳುತ್ತದೆ, ರೆಕ್ಕೆ ಮಡಚುತ್ತದೆ, ಬೀಳುತ್ತದೆ. ಗಂಟೆಗೆ 300 ಕಿಲೋಮೀಟರ್ ಸುಲಭವಾಗಿ ದಾಟುತ್ತದೆ. ಅಮೆರಿಕದ ಕೆನ್ ಫ್ರಾಂಕ್ಲಿನ್ ಅನ್ನುವವರು ತಾವು ಸಾಕಿದ ಫ್ರೈಟ್‌ಫುಲ್ ಹೆಸರಿನ ಚಾಣದ ಜೊತೆ ತಾವೂ ವಿಮಾನದಿಂದ ಧುಮುಕಿ ಅದರ ವೇಗ ಅಳೆದರು. ಗಂಟೆಗೆ 389 ಕಿಲೋಮೀಟರ್ ಬಂತು. ಹಕ್ಕಿ ಸಾಕಿದವರೆಲ್ಲ ಇಷ್ಟು ಮಾಡಬೇಕಾಗಿಲ್ಲ, ಪುಣ್ಯಕ್ಕೆ.

ಇನ್ನು ಶಾರ್ಕ್. ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಜಪಾನಿನ ಯುಕಿ ವತಾನಬೆ ಮತ್ತು ಜೊತೆಗಾರರು ಆರು ಶಾರ್ಕುಗಳ ಮೈಗೆ ಅಳೆಯುವ ಉಪಕರಣ ಕಟ್ಟಿ ಬಿಟ್ಟರು. ಸರಾಸರಿ ವೇಗ ಸೆಕೆಂಡಿಗೆ 34 ಸೆಂಟಿಮೀಟರ್. ಗಂಟೆಗೆ 1.2 ಕಿಲೋಮೀಟರ್ ಆಯ್ತು. ಸಂತೆಯಲ್ಲಿ ತರಕಾರಿ ನೋಡಿಕೊಂಡು ಹೋಗುವ ನಾವೂ ಅದಕ್ಕಿಂತ ಬೇಗ ಹೋಗುತ್ತೇವೆ. ಬಾಲವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೀಸಿ ಮುಗಿಸೋಕೆ ಅದಕ್ಕೆ ಸುಮಾರು ಏಳು ಸೆಕೆಂಡು ಬೇಕು. ಏಳು ಸೆಕೆಂಡಿನಲ್ಲಿ ಬೀಳುವ ಚಾಣ ಅರ್ಧ ಕಿಲೋಮೀಟರಿಗೂ ಜಾಸ್ತಿ ದೂರ ಬಂದಿರುತ್ತದೆ.

ಇಷ್ಟು ನಿಧಾನದ ಪ್ರಾಣಿಯ ಹೊಟ್ಟೆಯಲ್ಲಿ ಸೀಲ್ ಸಿಗುತ್ತದೆ. ಸೀಲ್ ಅದಕ್ಕಿಂತ ಎಷ್ಟೋ ಪಟ್ಟು ಚುರುಕು. ಹಾಗಾದರೆ ಹಿಡಿಯೋದು ಹೇಗೆ? ವತಾನಬೆ ತಂಡದ ಊಹೆ ನನಗೆ ಬಹಳ ಇಷ್ಟ: ಮಲಗಿದ ಸೀಲನ್ನು ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೆ ಮಲಗಿದರೆ ಹಿಮಕರಡಿ ಬರುತ್ತದೆ ಅಂತ ಸೀಲುಗಳು ನೀರಿನಲ್ಲೇ ನಿದ್ದೆ ಹೋಗುತ್ತವಂತೆ. ಕೆಳಗಿನಿಂದ ಈ ಕಪ್ಪು ಮೈ ಸದ್ದಿಲ್ಲದೆ, ಒಂದಿಷ್ಟೂ ಅವಸರ ಮಾಡದೆ ಬಂದು ಬಾಯಿ ಹಾಕುತ್ತದೆ. ಸತ್ತು ಕೊಳೆತದ್ದೂ ಆಗುತ್ತದೆ ಅದಕ್ಕೆ. ಅಂಥ ಮಡಿವಂತಿಕೆ ಏನಿಲ್ಲ.

ವೇಗ ಅಂದಕೂಡಲೆ ಗೆಲುವು ಅಂತ ನಾವು ಅಂದುಕೊಳ್ಳುತ್ತೇವೆ. ಚಾಣ ಬಿದ್ದಾಗಲೆಲ್ಲ ಬೇಟೆ ಸಿಗೋದಿಲ್ಲ. ನಮ್ಮ ದಕ್ಷಿಣದ ಬಂಡೆಬೆಟ್ಟಗಳಲ್ಲಿ ಇದೇ ಪೆರಿಗ್ರಿನ್ನಿನ ಒಂದು ಬಗೆ ಇದೆ, ಶಾಹೀನ್ ಅಂತ. ಬೆನ್ನು ಕಪ್ಪು, ಹೊಟ್ಟೆ ಇಟ್ಟಿಗೆಯ ಕೆಂಪು, ಕೆನ್ನೆಯ ಮೇಲೆ ದಪ್ಪ ಕಪ್ಪು ಪಟ್ಟಿ. ಒಮ್ಮೆ ಚಳಿಗಾಲದ ಬೆಳಿಗ್ಗೆ ಬಂಡೆಯ ಮೇಲೆ ಕೂತು ನೋಡಿದ್ದೆ. ಕೆಳಗಿನ ಕಣಿವೆಯಲ್ಲಿ ಪಾರಿವಾಳಗಳ ಗುಂಪು ಸುತ್ತುತ್ತಿತ್ತು. ಮೇಲೆ ಎಲ್ಲೋ ಒಂದು ಚುಕ್ಕೆ. ಚುಕ್ಕೆ ಬಿದ್ದದ್ದು ನನಗೆ ಕಾಣಲೇ ಇಲ್ಲ. ಗುಂಪು ಇದ್ದಕ್ಕಿದ್ದಂತೆ ಎರಡಾಗಿ ಸೀಳಿದ್ದು ಕಂಡಿತು. ಒಂದು ಪಾರಿವಾಳ ಕೊನೇ ಗಳಿಗೆಯಲ್ಲಿ ಮಗ್ಗುಲಾಯಿತು, ಎರಡು ಪುಕ್ಕ ಗಾಳಿಯಲ್ಲಿ ಉಳಿದವು. ಶಾಹೀನ್ ಕೆಳಗೆ ಹೋಗಿ ತಿರುಗಿ ಮೇಲೆದ್ದು, ಏನೂ ಆಗದವರ ಹಾಗೆ ಎದುರಿನ ಬಂಡೆಗೆ ಹೋಗಿ ಕೂತಿತು. ತಲೆ ಕೊಡವಿಕೊಂಡಿತು. ಪಾರಿವಾಳಗಳು ಮತ್ತೆ ಒಂದಾಗಿ ಅದೇ ಕಣಿವೆಯಲ್ಲಿ ಸುತ್ತತೊಡಗಿದವು. ಬೇರೆ ಕಡೆ ಹೋಗಬಾರದಾ ಅಂತ ನನಗೆ ಸಿಟ್ಟೇ ಬಂತು.

ಆ ಕೆನ್ನೆಯ ಕಪ್ಪು ಪಟ್ಟಿಗೂ ಒಂದು ಕೆಲಸ ಇದೆ ಅನ್ನುತ್ತಾರೆ. ಬಿಸಿಲಿನ ಝಳ ಕಣ್ಣಿಗೆ ಹೊಡೆಯದ ಹಾಗೆ ತಡೆಯೋದು. ದಕ್ಷಿಣ ಆಫ್ರಿಕಾದ ಸಂಶೋಧಕರು ಜಗತ್ತಿನ ಬೇರೆ ಬೇರೆ ಕಡೆಯ ಪೆರಿಗ್ರಿನ್ ಫೋಟೋಗಳನ್ನು ಹೋಲಿಸಿ ನೋಡಿದರು. ಬಿಸಿಲು ಜಾಸ್ತಿ ಇರುವ ಕಡೆ ಪಟ್ಟಿ ದೊಡ್ಡದು, ಕಪ್ಪೂ ಜಾಸ್ತಿ. ಚಾಣದ ಬದುಕೆಲ್ಲ ಕಣ್ಣಿನ ಮೇಲೆಯೇ ನಿಂತಿದೆ. ನಮ್ಮ ಕಣ್ಣಿನಲ್ಲಿ ತೀರಾ ಸ್ಪಷ್ಟವಾಗಿ ಕಾಣುವ ಬಿಂದು ಒಂದೇ ಒಂದು. ಅದರ ಪ್ರತಿ ಕಣ್ಣಿನಲ್ಲೂ ಎರಡೆರಡು. ಬೀಳುವಾಗ ಗಾಳಿಗೆ ಕಣ್ಣು ಒಣಗದಿರಲಿ ಅಂತ ಮೂರನೆಯ ರೆಪ್ಪೆ ಬೇರೆ.

ಗ್ರೀನ್‌ಲ್ಯಾಂಡ್ ಶಾರ್ಕಿನ ಕಣ್ಣಿನ ಗತಿ ನೋಡಿದರೆ ಅಯ್ಯೋ ಅನಿಸುತ್ತದೆ. ಸಿಗಡಿಯ ದೂರದ ನೆಂಟನಂಥ ಒಂದು ಪರಾವಲಂಬಿ ಜೀವಿ ಅದರ ಕಣ್ಣಿನ ಮೇಲ್ಪದರಕ್ಕೆ ಕಚ್ಚಿಕೊಂಡು ಜೋತುಬಿದ್ದಿರುತ್ತದೆ. ಬೆರಳುದ್ದದ, ಬಿಳಿಚಿದ ಹುಳ. ಆರ್ಕ್‌ಟಿಕ್ ಕಡೆಯ ಶಾರ್ಕುಗಳಲ್ಲಿ ಬಹುಪಾಲಿಗೆ ಇದರ ಕಾಟ. ಕಣ್ಣಿನ ಮೇಲೆ ಗಾಯವಾಗಿ ಮಸುಕಾಗುತ್ತದೆ. ಈ ಶಾರ್ಕ್ ಕುರುಡು ಅಂತಲೇ ಎಷ್ಟೋ ಕಡೆ ಬರೆದಿರುತ್ತಾರೆ. ನಾನು ಅಷ್ಟು ದೂರ ಹೋಗೋದಿಲ್ಲ. ಆದರೆ ಅದು ಕಣ್ಣನ್ನು ನೆಚ್ಚಿ ಕೂತಿಲ್ಲ ಅನ್ನೋದಂತೂ ನಿಜ. ಮೂಗು ಚುರುಕಾಗಿದೆ. ಕತ್ತಲಲ್ಲಿ ಅದು ಸಾಕು.

ಹಾಗಿದ್ದೂ ಈ ಶಾರ್ಕಿನ ಗುಟ್ಟು ಬಿಟ್ಟುಕೊಟ್ಟದ್ದು ಅದರ ಕಣ್ಣೇ.

ಮೀನಿನ ವಯಸ್ಸು ತಿಳಿಯೋಕೆ ಕಿವಿಯೊಳಗಿನ ಸಣ್ಣ ಕಲ್ಲಿನ ಉಂಗುರ ಎಣಿಸುತ್ತಾರೆ. ಶಾರ್ಕುಗಳಿಗೆ ಅಂಥ ಕಲ್ಲಿಲ್ಲ. ಅದಕ್ಕೆ ಬೆನ್ನುಮೂಳೆಯ ಮಣಿಗಳಲ್ಲಿ ಸುಣ್ಣ ಕೂತ ಉಂಗುರ ನೋಡುತ್ತಾರೆ. ಗ್ರೀನ್‌ಲ್ಯಾಂಡ್ ಶಾರ್ಕಿನ ಮಣಿಗಳು ಅದಕ್ಕೂ ಒಗ್ಗದಷ್ಟು ಮೆತ್ತಗೆ. ಬಹಳ ವರ್ಷ ಇದ್ದ ಸುಳಿವು ಒಂದೇ. ಡೆನ್ಮಾರ್ಕಿನ ಪಾಲ್ ಹ್ಯಾನ್ಸನ್ ಅನ್ನುವವರು ಗುರುತಿನ ಬಿಲ್ಲೆ ಹಾಕಿ ಬಿಟ್ಟ ಒಂದು ಶಾರ್ಕ್ 16 ವರ್ಷದ ಮೇಲೆ ಮತ್ತೆ ಸಿಕ್ಕಿತ್ತು. ಅಷ್ಟು ಕಾಲದಲ್ಲಿ ಅದು ಬೆಳೆದದ್ದು 8 ಸೆಂಟಿಮೀಟರ್. ವರ್ಷಕ್ಕೆ ಅರ್ಧ ಸೆಂಟಿಮೀಟರ್. ಐದು ಮೀಟರ್ ಉದ್ದದ ಶಾರ್ಕುಗಳಿವೆ. ನೀವೇ ಲೆಕ್ಕ ಹಾಕಿ.

2016ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೂಲಿಯಸ್ ನೀಲ್ಸನ್ ಮತ್ತು ಸಂಗಡಿಗರು ಆ ಲೆಕ್ಕಕ್ಕೆ ಗಟ್ಟಿ ಆಧಾರ ಕೊಟ್ಟರು. ಕಣ್ಣಿನ ಲೆನ್ಸ್ ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ತೀರಾ ನಡುವಿನ ಭಾಗ ಮರಿ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಆದದ್ದು. ಆಮೇಲೆ ಅದು ಬದಲಾಗೋದೇ ಇಲ್ಲ. ಮೈಯ ಬೇರೆ ಭಾಗಗಳು ಸವೆಯುತ್ತವೆ, ಹೊಸದಾಗುತ್ತವೆ. ಲೆನ್ಸಿನ ಆ ನಡುಬಿಂದು ಮಾತ್ರ ಹುಟ್ಟಿದ ಕಾಲದ್ದೇ. ಅದನ್ನು ಬಿಡಿಸಿ ತೆಗೆದು, ಅದರೊಳಗಿನ ಇಂಗಾಲದ ವಯಸ್ಸು ಅಳೆದರು. ಬೇರೆ ಮೀನಿಗೆಂದು ಹಾಕಿದ ಬಲೆ, ಗಾಳಕ್ಕೆ ಸಿಕ್ಕ 28 ಹೆಣ್ಣು ಶಾರ್ಕುಗಳ ಕಣ್ಣು ಅವು. ಅವುಗಳಲ್ಲಿ ದೊಡ್ಡದು 5.02 ಮೀಟರ್ ಉದ್ದ. ಅದರ ವಯಸ್ಸು 392, ಆಚೆ ಈಚೆ 120.

ಆಚೆ ಈಚೆ 120 ಅಂದರೆ ಏನು ಅಂತ ನೋಡಿ. ಕಡಿಮೆ ಅಂದರೂ 272. ಅಂದರೆ ಹೈದರ್ ಅಲಿ ಮೈಸೂರಿನ ಅಧಿಕಾರ ಹಿಡಿಯುವ ಮೊದಲೇ ಹುಟ್ಟಿದ್ದು. ಜಾಸ್ತಿ ಕಡೆಗೆ ಹೋದರೆ ಕೃಷ್ಣದೇವರಾಯನ ಪಟ್ಟಾಭಿಷೇಕಕ್ಕೂ ಮುಂಚಿನದ್ದು. ನಮ್ಮ ಅರ್ಧ ಇತಿಹಾಸ ಪುಸ್ತಕದಷ್ಟು ಅನುಮಾನ ಇಟ್ಟುಕೊಂಡೂ ಅದು ಬೆನ್ನುಮೂಳೆಯ ಪ್ರಾಣಿಗಳಲ್ಲೇ ಅತಿ ಹೆಚ್ಚು ಕಾಲ ಬದುಕುವಂಥದ್ದು. ಪೆರಿಗ್ರಿನ್? ಹುಟ್ಟಿದ ಮೊದಲ ವರ್ಷವೇ ಅರ್ಧಕ್ಕಿಂತ ಜಾಸ್ತಿ ಮರಿಗಳು ಸಾಯುತ್ತವೆ. ಉಳಿದವು ಹದಿನೈದು ವರ್ಷ ಬದುಕಿದರೆ ತುಂಬಾ ಬದುಕಿದ ಹಾಗೆ.

ಆ 28ರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ದೊಡ್ಡದಲ್ಲ, ಚಿಕ್ಕವು. 1950 ಮತ್ತು 60ರ ದಶಕಗಳಲ್ಲಿ ಅಮೆರಿಕ, ಸೋವಿಯತ್ ರಷ್ಯಾ, ಬ್ರಿಟನ್ ಬಯಲಲ್ಲಿ ಅಣುಬಾಂಬ್ ಸಿಡಿಸಿ ನೋಡುತ್ತಿದ್ದವು. 1963ರಲ್ಲಿ ಒಪ್ಪಂದವಾಗಿ ಆ ಮೂವರು ನಿಲ್ಲಿಸುವಷ್ಟರಲ್ಲಿ ಗಾಳಿಯಲ್ಲಿ ವಿಕಿರಣದ ಇಂಗಾಲ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಅದು ಸಮುದ್ರಕ್ಕೆ ಇಳಿಯಿತು, ಮೀನಿಗೆ ಹೋಯಿತು, ಮೀನು ತಿಂದ ತಾಯಿ ಶಾರ್ಕಿನಿಂದ ಹೊಟ್ಟೆಯಲ್ಲಿದ್ದ ಮರಿಯ ಕಣ್ಣಿಗೆ ಹೋಯಿತು. ಎರಡು ಮೀಟರ್ ಆಸುಪಾಸಿನ ಚಿಕ್ಕ ಶಾರ್ಕುಗಳ ಲೆನ್ಸಿನಲ್ಲಿ ಆ ಗುರುತು ಸಿಕ್ಕಿತು. ಅವು ಬಾಂಬ್ ಕಾಲದ ನಂತರ ಹುಟ್ಟಿದವು. ದೊಡ್ಡವುಗಳಲ್ಲಿ ಇಲ್ಲ. ಅವು ಅದಕ್ಕೆ ಮುಂಚಿನವು. ನಾವು ಮಾಡಿದ ಕೆಟ್ಟ ಕೆಲಸವೇ ವಿಜ್ಞಾನಿಗಳಿಗೆ ತಾರೀಕಿನ ಮುದ್ರೆಯಾಯಿತು.

ಚಾಣದ ಕಥೆಯೂ ಅದೇ ಕಾಲದ್ದು. ಅಲ್ಲಿ ಬಾಂಬಿನ ಬದಲು ಡಿಡಿಟಿ ಅನ್ನುವ ಕೀಟನಾಶಕ.

ಡಿಡಿಟಿ ಅಂದರೆ ನಮ್ಮ ಕಡೆ ವಯಸ್ಸಾದವರಿಗೆ ಇವತ್ತೂ ಗೊತ್ತು. ನಮ್ಮದು ಧಾರವಾಡ ಜಿಲ್ಲೆಯ ಮಲೆನಾಡಿನ ಸೆರಗು. ಮಲೇರಿಯಾ ಅಲ್ಲಿನ ಊರುಗಳನ್ನು ಖಾಲಿ ಮಾಡಿದ್ದ ಕಾಲ ಇತ್ತು. ದೇಶದಲ್ಲೇ ಮೊದಮೊದಲು ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆದು ನೋಡಿದ ಕಡೆಗಳಲ್ಲಿ ಧಾರವಾಡ ಮತ್ತು ಉತ್ತರ ಕನ್ನಡವೂ ಇದ್ದವು. 1946ರ ಸುಮಾರಿನ ಮಾತು, ಆಗ ಈ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಡಾಕ್ಟರ್ ವಿಶ್ವನಾಥನ್ ಅನ್ನುವವರು ಆ ಕೆಲಸ ನಡೆಸಿದರು. ಅಲ್ಲಿ ಫಲ ಕಂಡ ಮೇಲೆ 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ಯೋಜನೆ ಬಂತು.

ಅಜ್ಜಿ ಹೇಳುತ್ತಿದ್ದದ್ದು ಹೀಗೆ. ಖಾಕಿ ಹಾಕಿದವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬರುತ್ತಿದ್ದರು. ಹಿಂದಿನ ದಿನವೇ ಡಂಗುರ. ಅಡಿಗೆಮನೆಯ ಪಾತ್ರೆ, ಹಿಟ್ಟಿನ ಡಬ್ಬಿ, ತೊಟ್ಟಿಲು ಎಲ್ಲ ಅಂಗಳಕ್ಕೆ ಹಾಕಬೇಕು. ಗೋಡೆ, ಜಂತಿ, ದನದ ಕೊಟ್ಟಿಗೆ ಒಂದೂ ಬಿಡದೆ ಹೊಡೆಯುತ್ತಿದ್ದರು. ಒಣಗಿದ ಮೇಲೆ ಗೋಡೆಯ ಮೇಲೆ ಬಿಳೀ ಪುಡಿ. ಹೋಗುವಾಗ ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ಡಿಡಿಟಿ ಅಂತ ಬರೆದು ತಾರೀಕು ಹಾಕುತ್ತಿದ್ದರು. "ಚಳಿಜ್ವರ ಹೋತು, ತಿಗಣಿನೂ ಹೋದ್ವು. ದೇವರು ಬಂದಂಗ ಬರ್ತಿದ್ರು ನೋಡ ಅವ್ರು" ಅನ್ನುತ್ತಿದ್ದಳು. ನಾನು ಇದನ್ನು ಅಪಹಾಸ್ಯಕ್ಕೆ ಬರೆಯುತ್ತಿಲ್ಲ. ಮಲೇರಿಯಾದಿಂದ ಸತ್ತವರ ಮನೆಯಲ್ಲಿ ಕೂತು ಡಿಡಿಟಿಯನ್ನು ಬೈಯೋದು ಸುಲಭವಲ್ಲ. ಅದರ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಕೊಟ್ಟದ್ದೂ ಸುಮ್ನೆ ಅಲ್ಲ.

ಗೋಡೆಗೆ ಹೊಡೆದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹೊಲಕ್ಕೆ, ತೋಟಕ್ಕೆ, ಕಾಡಿಗೆ ಸುರಿದರು. ಅಮೆರಿಕ, ಯುರೋಪುಗಳಲ್ಲಿ ವಿಮಾನದಿಂದಲೇ ಚೆಲ್ಲಿದರು. ಹುಳ ತಿಂದ ಹಕ್ಕಿಯ ಕೊಬ್ಬಿನಲ್ಲಿ ಅದು ನಿಂತಿತು. ಅಂಥ ಹಕ್ಕಿಗಳನ್ನು ದಿನಾ ತಿಂದ ಚಾಣದ ಮೈಯಲ್ಲಿ ಇನ್ನೂ ಜಾಸ್ತಿ ನಿಂತಿತು.

ಇದು ಬಯಲಾದ ರೀತಿ ಸೊಗಸಾಗಿದೆ. 1960ರ ಹೊತ್ತಿಗೆ ಬ್ರಿಟನ್ನಿನಲ್ಲಿ ಪಂದ್ಯದ ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರು ಕೊಟ್ಟರು. ಪೆರಿಗ್ರಿನ್‌ಗಳು ವಿಪರೀತವಾಗಿವೆ, ನಮ್ಮ ಪಾರಿವಾಳಗಳನ್ನು ತಿಂದುಹಾಕುತ್ತಿವೆ, ಅವುಗಳಿಗೆ ಕೊಟ್ಟ ರಕ್ಷಣೆ ತೆಗೆಯಿರಿ ಅಂತ. ಸರಿ, ಎಷ್ಟಿವೆ ನೋಡಿಬರೋಣ ಅಂತ ಡೆರೆಕ್ ರ್‍ಯಾಟ್‌ಕ್ಲಿಫ್ ಅನ್ನುವ ವಿಜ್ಞಾನಿಯ ಮುಂದಾಳತ್ವದಲ್ಲಿ ಲೆಕ್ಕ ಶುರುವಾಯಿತು. ಹೋಗಿ ನೋಡಿದರೆ ಬಂಡೆಗಳು ಖಾಲಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದದ್ದರ ಅರ್ಧವೂ 1963ರಲ್ಲಿ ಇರಲಿಲ್ಲ. ಇದ್ದವುಗಳಲ್ಲೂ ಬಹುಪಾಲಿಗೆ ಮರಿ ಇಲ್ಲ. ಗೂಡಿನಲ್ಲಿ ಒಡೆದ ಮೊಟ್ಟೆ. ಗೂಡು ಅಂದರೆ ಕಡ್ಡಿ ಪುಳ್ಳೆ ಜೋಡಿಸಿದ್ದಲ್ಲ, ಬಂಡೆಯ ಚಾಚಿನ ಮೇಲೆ ಮಣ್ಣು ಕೆದರಿ ಮಾಡಿದ ಒಂದು ತಗ್ಗು, ಅಷ್ಟೆ. ಅದರಲ್ಲಿ ಮೂರೋ ನಾಲ್ಕೋ ಕೆಂಗಂದು ಮೊಟ್ಟೆ. ತಾಯಿ ಕಾವಿಗೆ ಕೂತರೆ ಅವಳ ಭಾರಕ್ಕೇ ಅವು ಒಡೆಯುತ್ತಿದ್ದವು.

ಯಾಕೆ ಅನ್ನೋದಕ್ಕೆ ರ್‍ಯಾಟ್‌ಕ್ಲಿಫ್ ಹೋದದ್ದು ಮೊಟ್ಟೆ ಕಳ್ಳರ ಹತ್ತಿರ. ಕಳ್ಳರು ಅನ್ನೋದು ಸ್ವಲ್ಪ ಕಟುವಾಯಿತು. ಹಕ್ಕಿ ಮೊಟ್ಟೆ ಕೂಡಿಡೋದು ಅಲ್ಲಿನ ಹಳೇ ಹುಚ್ಚು. ಮೊಟ್ಟೆಗೆ ಸಣ್ಣ ತೂತು ಮಾಡಿ, ಒಳಗಿನದನ್ನು ತೆಗೆದು, ಬರೀ ಸಿಪ್ಪೆಯನ್ನು ಹತ್ತಿಯಲ್ಲಿಟ್ಟು, ಪಕ್ಕದಲ್ಲಿ ಊರು ತಾರೀಕು ಬರೆದ ಚೀಟಿ ಇಡುತ್ತಿದ್ದರು. ಆ ಚೀಟಿಗಳೇ ಈಗ ಸಾಕ್ಷಿ. ಸಿಪ್ಪೆಗಳ ಉದ್ದ ಅಗಲ ಅಳೆದು, ತೂಕ ಹಾಕಿ, ತಾರೀಕಿನ ಸಾಲಿನಲ್ಲಿ ಜೋಡಿಸಿದರು. ದಶಕಗಟ್ಟಲೆ ಒಂದೇ ಸಮ ಇದ್ದ ಸಿಪ್ಪೆ 1947ರಿಂದ ಇದ್ದಕ್ಕಿದ್ದಂತೆ ಹಗುರವಾಗಿತ್ತು. ಸುಮಾರು ಐದನೇ ಒಂದು ಭಾಗ ಕಮ್ಮಿ. ಡಿಡಿಟಿ ಹೊಲಕ್ಕೆ ಬಂದ ಕಾಲ ಅದು. ಹಕ್ಕಿಯ ಮೈಯಲ್ಲಿ ಡಿಡಿಟಿ ಡಿಡಿಇ ಆಗಿ ಬದಲಾಗುತ್ತದೆ. ಅದು ಮೊಟ್ಟೆಗೆ ಸುಣ್ಣದ ಅಂಶ ಸೇರೋದನ್ನು ತಡೆಯುತ್ತದೆ. 1967ರಲ್ಲಿ ಇದು ಅಚ್ಚಾಯಿತು.

ಪಾರಿವಾಳದವರ ದೂರು ಇಲ್ಲದಿದ್ದರೆ ಯಾರೂ ಎಣಿಸೋಕೆ ಹೋಗುತ್ತಿರಲಿಲ್ಲವೇನೋ. ಆ ಹಕ್ಕಿ ಜಾಸ್ತಿ ಆಯ್ತು ಅಂತ ಗಲಾಟೆ ಮಾಡಿದವರೇ ಅದನ್ನು ಉಳಿಸಿದ ಹಾಗಾಯಿತು.

ಅಮೆರಿಕದ ಪೂರ್ವ ಭಾಗದಲ್ಲಂತೂ 1960ರ ದಶಕದ ನಡುವಿಗೆ ಮರಿ ಮಾಡುವ ಒಂದು ಜೋಡಿಯೂ ಉಳಿದಿರಲಿಲ್ಲ. 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್ ಪೆರಿಗ್ರಿನ್ ಫಂಡ್ ಶುರುಮಾಡಿದರು. ಸಾಕಿದ ಚಾಣಗಳಿಂದ ಮರಿ ಮಾಡಿಸಿ ಬಂಡೆಗೆ ಬಿಡುವ ಕೆಲಸ. ಮರಿಗಳನ್ನು ಬಂಡೆ ಮೇಲಿನ ಪೆಟ್ಟಿಗೆಯಲ್ಲಿಟ್ಟು, ಅವುಗಳಿಗೆ ಮನುಷ್ಯರ ಮುಖ ಕಾಣದ ಹಾಗೆ ಮೇಲಿನಿಂದ ಕೊಳವೆಯಲ್ಲಿ ಮಾಂಸ ಜಾರಿಸುತ್ತಿದ್ದರು. ಮನುಷ್ಯರ ಕೈಯಲ್ಲೇ ಬೆಳೆದ ಕೆಲವು ಗಂಡು ಚಾಣಗಳು ತಮ್ಮನ್ನು ಸಾಕಿದವರನ್ನೇ ಹೆಂಡತಿ ಅಂದುಕೊಂಡುಬಿಡುತ್ತಿದ್ದವು. ಅವುಗಳಿಗಾಗಿ ಒಂದು ವಿಶೇಷ ಟೋಪಿಯೇ ಇತ್ತು. ವಿಜ್ಞಾನಿ ಅದನ್ನು ತಲೆ ಮೇಲೆ ಹಾಕಿಕೊಂಡು ಕೂರುತ್ತಿದ್ದ, ಗಂಡು ಬಂದು ಟೋಪಿಯ ಮೇಲೆ ಇಳಿಯುತ್ತಿತ್ತು, ವೀರ್ಯ ಸಂಗ್ರಹವಾಗುತ್ತಿತ್ತು. ಮನೆಯಲ್ಲಿ ಆಫೀಸಿನ ಸುದ್ದಿ ಕೇಳಿದರೆ ಆ ಮನುಷ್ಯ ಏನು ಹೇಳುತ್ತಿದ್ದನೋ.

1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 1999ರಲ್ಲಿ ಪೆರಿಗ್ರಿನ್ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. 27 ವರ್ಷ. ಕೆಲಸಕ್ಕೆ ಸೇರಿದ ಹುಡುಗ ನಿವೃತ್ತಿಗೆ ಮುಂಚೆಯೇ ಫಲ ಕಂಡ. ಈಗ ನ್ಯೂಯಾರ್ಕಿನ ಕಟ್ಟಡಗಳ ಮೇಲೂ ಅವು ಮರಿ ಮಾಡುತ್ತವೆ. ಇದು ಆಗಿದ್ದು ಹಕ್ಕಿಯ ಪುಣ್ಯ ಅಲ್ಲ, ಅದರ ಅವಸರದ ಬದುಕಿನಿಂದ. ಎರಡು ಮೂರು ವರ್ಷಕ್ಕೇ ಅದು ಮೊಟ್ಟೆ ಇಡುತ್ತದೆ. ವಿಷ ನಿಂತರೆ ಒಂದು ತಲೆಮಾರು ಬರೋಕೆ ಮೂರು ವರ್ಷ ಸಾಕು. ಭಾರತದಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ. ರೋಗದ ಸೊಳ್ಳೆ, ನೊಣಗಳಿಗೆ ಮಾತ್ರ ಆಮೇಲೂ ಬಳಕೆಯಲ್ಲಿತ್ತು.

ಗ್ರೀನ್‌ಲ್ಯಾಂಡಿನ ಚಾಣಗಳ ಕಥೆ ಸ್ವಲ್ಪ ನಿಧಾನ. ಅಲ್ಲಿ ಹೊಲವೇ ಇಲ್ಲ ಅನ್ನಬೇಕು, ಡಿಡಿಟಿ ಎಲ್ಲಿಂದ? ಆದರೆ ಈ ಹಕ್ಕಿ ಚಳಿಗಾಲಕ್ಕೆ ದಕ್ಷಿಣ ಅಮೆರಿಕದವರೆಗೂ ಹೋಗಿಬರುತ್ತದೆ. ಅದು ತಿನ್ನುವ ಸಣ್ಣ ಹಕ್ಕಿಗಳೂ ವಲಸೆಯವೇ. ಅಲ್ಲಿನ ವಿಷ ಕೊಬ್ಬಿನಲ್ಲಿ ತುಂಬಿಕೊಂಡು ಇಲ್ಲಿಗೆ ಬಂದು ಮೊಟ್ಟೆ ಇಡುತ್ತದೆ. 1970ರ ದಶಕದಿಂದ ಅಲ್ಲಿ ಬಂಡೆ ಹತ್ತಿ ಒಡೆದ ಸಿಪ್ಪೆ ಆರಿಸಿ ಅಳೆಯುತ್ತಾ ಬಂದಿದ್ದಾರೆ. ಸಿಪ್ಪೆ ಮತ್ತೆ ದಪ್ಪವಾಗೋಕೆ ದಶಕಗಳೇ ಹಿಡಿದವು.

ಈಗ ಬಂಡೆಯಿಂದ ಕೆಳಗೆ, ನೀರಿಗೆ ಬರೋಣ. ಡಿಡಿಟಿ ಬಿಸಿಲ ನಾಡಿನಲ್ಲಿ ಆವಿಯಾಗಿ ಗಾಳಿಗೆ ಏರುತ್ತದೆ, ತಣ್ಣನೆಯ ಕಡೆ ಹೋಗಿ ಇಳಿಯುತ್ತದೆ. ಹಾಗೆ ಏರುತ್ತಾ ಇಳಿಯುತ್ತಾ ಉತ್ತರ ಧ್ರುವದ ಕಡೆ ಸೇರಿಕೊಳ್ಳುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದ ಹತ್ತಿರ ಹಿಡಿದ ಗ್ರೀನ್‌ಲ್ಯಾಂಡ್ ಶಾರ್ಕುಗಳಲ್ಲಿ ಡಿಡಿಟಿ ಬಳಗದ ರಾಸಾಯನಿಕಗಳು ಜಾಸ್ತಿ ಪ್ರಮಾಣದಲ್ಲೇ ಸಿಕ್ಕಿವೆ. ಅದರಲ್ಲಿ ನಮ್ಮೂರ ಗೋಡೆಯದ್ದೂ ಒಂದಿಷ್ಟು ಇದೆ ಅಂದರೆ ಸುಳ್ಳು ಹೇಳಿದ ಹಾಗಾಗಬಹುದು, ಇಲ್ಲ ಅನ್ನೋಕೂ ಯಾರಿಂದಲೂ ಆಗದು.

ಶಾರ್ಕಿನ ಮೈ ಮೊದಲೇ ಒಂದು ರಾಸಾಯನಿಕದ ಅಂಗಡಿ. ಇದು ನಮ್ಮ ಕರಾವಳಿಯವರಿಗೆ ಬಾಯಿಪಾಠ. ಮಲ್ಪೆ ಬಂದರಿನಲ್ಲಿ ತಾಟೆ ಅಂತ ಸಣ್ಣ ಶಾರ್ಕುಗಳನ್ನು ನೆಲಕ್ಕೆ ಸುರಿದಿರುತ್ತಾರೆ. ತಲೆಯಿಂದ ಬಾಲದ ಕಡೆ ಕೈ ಸವರಿದರೆ ನುಣುಪು, ಉಲ್ಟಾ ಸವರಿದರೆ ಮರಳುಕಾಗದದ ಹಾಗೆ ಗರಗರ. ನಾನು ಬಗ್ಗಿ ನೋಡುತ್ತಿದ್ದದ್ದನ್ನು ಕಂಡು ಮೀನು ಮಾರುವ ಅಕ್ಕ, "ಹೊಸತು ಮಾರಾಯ್ರೆ, ಬೇಕಾದ್ರೆ ಮೂಸಿ ನೋಡಿ, ವಾಸನೆ ಉಂಟಾ?" ಅಂದರು. ಅವರು ಕೇಳಿದ್ದು ಅಮೋನಿಯಾ ವಾಸನೆ. ಸಮುದ್ರದ ಉಪ್ಪಿಗೆ ಮೈಯ ನೀರು ಸೋರಿಹೋಗದಿರಲಿ ಅಂತ ಶಾರ್ಕುಗಳು ರಕ್ತ ಮಾಂಸದಲ್ಲಿ ಯೂರಿಯಾ ತುಂಬಿಕೊಂಡಿರುತ್ತವೆ. ಸತ್ತು ಸ್ವಲ್ಪ ಹೊತ್ತಾದರೆ ಅದು ಒಡೆದು ಮೂಗಿಗೆ ಹೊಡೆಯುತ್ತದೆ.

ಗ್ರೀನ್‌ಲ್ಯಾಂಡ್ ಶಾರ್ಕಿನಲ್ಲಿ ಇದು ಅತಿಯಾಗಿದೆ. ಯೂರಿಯಾದ ಜೊತೆ ಟ್ರೈಮೀಥೈಲಮೈನ್ ಆಕ್ಸೈಡ್ ಅನ್ನುವ ಇನ್ನೊಂದು ವಸ್ತು. ಆಳದ ಒತ್ತಡದಲ್ಲಿ ಮೈಯ ಪ್ರೋಟೀನು ಕೆಡದಂತೆ ಅದು ಕಾಯುತ್ತದೆ. ಈ ಶಾರ್ಕ್ 2,200 ಮೀಟರ್ ಆಳದಲ್ಲೂ ಕಂಡಿದೆ. ಹಸಿ ಮಾಂಸ ತಿಂದ ನಾಯಿಗಳು ಕುಡಿದವರ ಹಾಗೆ ತೂರಾಡುತ್ತವೆ. ಐಸ್‌ಲ್ಯಾಂಡಿನವರು ಇದೇ ಮಾಂಸವನ್ನು ಜಲ್ಲಿ ಮರಳಿನಲ್ಲಿ ವಾರಗಟ್ಟಲೆ ಹೂತಿಟ್ಟು ಹುಳಿಸಿ, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿ, ಹಾಕಾರ್ಟ್ಲ್ ಅಂತ ತಿನ್ನುತ್ತಾರೆ. ಒಣಮೀನು ತಿನ್ನುವ ನಮಗೂ ಅದು ಕಷ್ಟವೇ ಅಂತ ತಿಂದವರು ಹೇಳುತ್ತಾರೆ.

ಮಾಂಸ ಬೇಡವಾದರೂ ಲಿವರ್ ಬೇಕಿತ್ತು. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಗ್ರೀನ್‌ಲ್ಯಾಂಡ್, ನಾರ್ವೆಗಳಲ್ಲಿ ಎಣ್ಣೆಗಾಗಿ ವರ್ಷಕ್ಕೆ ಸಾವಿರಾರು ಶಾರ್ಕ್ ಹಿಡಿದರು. ಕೃತಕ ಎಣ್ಣೆ ಬಂದ ಮೇಲೆ ಅದು ನಿಂತಿತು. ಈಗ ಬೇರೆ ಮೀನಿಗೆಂದು ಹಾಕಿದ ಬಲೆ, ಗಾಳದ ಸಾಲುಗಳಿಗೆ ಇವು ಸಿಕ್ಕಿಬೀಳುತ್ತವೆ. ಗಾಳದ ದಾರದಲ್ಲಿ ಉರುಳಿ ಉರುಳಿ ಸುತ್ತಿಕೊಂಡುಬಿಡುತ್ತವೆ.

ನೀಲ್ಸನ್ ತಂಡದ ಲೆಕ್ಕದಲ್ಲಿ 392ಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿ ಇನ್ನೊಂದಿದೆ. ಹೆಣ್ಣು ಶಾರ್ಕ್ ನಾಲ್ಕು ಮೀಟರ್ ಬೆಳೆದ ಮೇಲೇ ಮರಿ ಹಾಕುವ ಪ್ರಾಯಕ್ಕೆ ಬರುತ್ತದೆ. ಅದಕ್ಕೆ ಸುಮಾರು 156 ವರ್ಷ ಬೇಕು, ಆಚೆ ಈಚೆ 22. ಡಿಡಿಟಿಯನ್ನು ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1874ರಲ್ಲಿ. ಆ ವರ್ಷ ಹುಟ್ಟಿದ ಹೆಣ್ಣು ಶಾರ್ಕ್ ಒಂದನ್ನು ಊಹಿಸಿಕೊಳ್ಳಿ. ಅದು ಈಜುತ್ತಿದ್ದಾಗಲೇ ಮುಲ್ಲರ್‌ಗೆ ನೊಬೆಲ್ ಬಂತು, ನಮ್ಮೂರ ಗೋಡೆಗೆ ತಾರೀಕು ಬಿತ್ತು, ಬಾಂಬ್ ಸಿಡಿದವು, ಚಾಣಗಳು ಸತ್ತವು, ಚಾಣಗಳು ವಾಪಸ್ ಬಂದವು. ಇಷ್ಟೆಲ್ಲ ಆಗಿ ಆ ಶಾರ್ಕ್ ತಾಯಾಗೋಕೆ ತಯಾರಾಗೋದು 2030ರ ಸುಮಾರಿಗೆ. ಅಷ್ಟರಲ್ಲಿ ಚಾಣಕ್ಕೆ ಐವತ್ತು ತಲೆಮಾರು ಕಳೆದಿರುತ್ತದೆ.

ಬಾಂಬಿನ ಗುರುತು ಕಣ್ಣಿನಲ್ಲಿಟ್ಟುಕೊಂಡು ಹುಟ್ಟಿದವು ಈಗಿನ್ನೂ ಎರಡು ಎರಡೂವರೆ ಮೀಟರಿನ ಹುಡುಗಿಯರು. ವಿಷದಿಂದ ಅವುಗಳ ಮರಿಗಳಿಗೆ ಏನಾದರೂ ಆಗುತ್ತದಾ? ಚಾಣದ ಹಾಗೆ ಸಿಪ್ಪೆ ತೂಕ ಹಾಕಿ ಹೇಳೋ ಹಾಗಿಲ್ಲ. ಮರಿ ಬರಲಿ ಅಂತ ಕಾಯಬೇಕು. ರ್‍ಯಾಟ್‌ಕ್ಲಿಫ್‌ಗೆ ಇಪ್ಪತ್ತು ವರ್ಷದ ಹಿಂದಿನ ತಪ್ಪು ಕಂಡಿತು, ಹಾಗಾಗಿ ತಿದ್ದೋಕೆ ಆಯಿತು. ಇಲ್ಲಿ ತಪ್ಪು ಮಾಡಿದವರ ಮರಿಮೊಮ್ಮಕ್ಕಳಿಗೆ ಅದು ಕಾಣಬಹುದು, ಅವರು ನೋಡುತ್ತಿದ್ದರೆ.

ಚಾಣವನ್ನು ಉಳಿಸಿದ ಕಥೆಯನ್ನು ಎಲ್ಲ ಕಡೆ ಹೇಳುತ್ತಾರೆ. ಹೇಳಲಿ, ಒಳ್ಳೇ ಕಥೆ. ಆದರೆ ಅದರಿಂದ ನಾವು ಪ್ರಕೃತಿ ಹೇಗೂ ಸುಧಾರಿಸಿಕೊಳ್ಳುತ್ತದೆ, ವಿಷ ನಿಲ್ಲಿಸಿದರೆ ಸಾಕು ಅಂತ ಕಲಿತುಬಿಟ್ಟಿದ್ದೇವೆ. ಎಲ್ಲ ಪ್ರಾಣಿಗೂ ಚಾಣದ ಅವಸರ ಇಲ್ಲ. ಸರ್ಕಾರದ ಯೋಜನೆ ಐದು ವರ್ಷದ್ದು, ಸಂಶೋಧನೆಯ ಹಣ ಮೂರು ವರ್ಷದ್ದು. ಹಕ್ಕಿಯ ಬದುಕು ಹೇಗೋ ಆ ಅಳತೆಗೆ ಹೊಂದಿಕೊಂಡಿತು. ಶಾರ್ಕಿನದ್ದು ಹೊಂದೋದಿಲ್ಲ.

ವಾಯವ್ಯ ಅಟ್ಲಾಂಟಿಕ್‌ನ ಮೀನುಗಾರಿಕೆಯನ್ನು ನೋಡಿಕೊಳ್ಳುವ ನಾಫೋ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 2022ರ ಸಭೆಯಲ್ಲಿ ಒಂದು ತೀರ್ಮಾನ ಮಾಡಿತು. ತನ್ನ ವ್ಯಾಪ್ತಿಯ ಅಂತರರಾಷ್ಟ್ರೀಯ ನೀರಿನಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಸಿಕ್ಕರೆ ವಾಪಸ್ ಬಿಡಬೇಕು. ಬಿಟ್ಟದ್ದೆಲ್ಲ ಬದುಕುತ್ತದೆ ಅಂತೇನಿಲ್ಲ. ಆದರೂ ನಿಯಮ ಒಳ್ಳೆಯದೇ. ಅದರಿಂದ ಲಾಭ ಆಯ್ತಾ ಇಲ್ಲವಾ ಅಂತ ಸರಿಯಾಗಿ ನೋಡಬೇಕಾದರೆ ಆ ವರ್ಷ ಹುಟ್ಟಿದ ಹೆಣ್ಣುಮರಿಗಳು ತಾಯಂದಿರಾಗಬೇಕು. 2178ರ ಆಸುಪಾಸು ಅನ್ನಿ. ನಾಫೋ ಸಭೆ ವರ್ಷಕ್ಕೊಮ್ಮೆ ಸೇರುತ್ತದೆ. ಅಲ್ಲಿಯವರೆಗೆ ಇನ್ನೂ ನೂರೈವತ್ತಕ್ಕೂ ಹೆಚ್ಚು ಸಭೆಗಳಲ್ಲಿ ಯಾರಾದರೂ ಒಬ್ಬರು ಆ ಹಳೇ ಕಡತ ತೆಗೆದು, ಇದನ್ನು ಮುಂದುವರಿಸೋಣ ಅನ್ನುತ್ತಾ ಇರಬೇಕು.